ಹಡ್ಸನ್ ಅಂಗಡಿ ಇದ್ದ ಬೀದಿ

ಅಂಗಡಿ ಹೋಗಿದೆ, ಅಂಗಡಿಯ ಗಡಿಯಾರ ಉಳಿದಿದೆ. ಡೆಟ್ರಾಯ್ಟ್ ನಗರದ ನಟ್ಟನಡುವೆ, ವುಡ್‌ವರ್ಡ್ ಅವೆನ್ಯೂ ಕ್ಯಾಂಪಸ್ ಮಾರ್ಷಿಯಸ್ ಚೌಕ ದಾಟಿ ಮುಂದೆ ಹೋಗುವಲ್ಲಿ, ಬೀದಿ ಬದಿಯ ಆ ಹಳೆಯ ಗಡಿಯಾರದ ಮೇಲೆ ‘ಕರ್ನ್ಸ್’ ಎಂದು ಬರೆದಿದೆ. ಕರ್ನ್ಸ್ ಎಂಬುದು 1883ರಲ್ಲಿ ಶುರುವಾದ ಜವಳಿ ಅಂಗಡಿ. ಬೆಳೆದು ಬೆಳೆದು ಮಹಡಿ ಮೇಲೆ ಮಹಡಿ ಏರಿಸಿ, 1959ರಲ್ಲಿ ಬಾಗಿಲು ಹಾಕಿತು. ಏಳು ವರ್ಷ ಬಿಟ್ಟು ಕಟ್ಟಡವನ್ನೂ ಕೆಡವಿದರು. ‘ಕರ್ನ್ಸ್ ಗಡಿಯಾರದ ಕೆಳಗೆ ಸಿಗೋಣ’ ಎಂದು ಒಂದು ಕಾಲಕ್ಕೆ ಇಡೀ ಊರು ಹೇಳುತ್ತಿತ್ತಂತೆ. ಈಗಲೂ ಅದರ ಕೆಳಗೆ ಒಂದಿಬ್ಬರು ಯಾರಿಗೋ ಕಾಯುತ್ತ ಫೋನು ನೋಡುತ್ತಿದ್ದರು. ಸಮಯವನ್ನೂ ಅವರು ಫೋನಿನಲ್ಲೇ ನೋಡುತ್ತಿದ್ದರು ಅನ್ನಿ.

ನಾನು ಜವಳಿ ವ್ಯಾಪಾರದ ಮನೆಯಲ್ಲಿ ಹುಟ್ಟಿದವನು. ದಾವಣಗೆರೆಯ ಚೌಕಿಪೇಟೆಯಲ್ಲಿ ನಮ್ಮ ಅಂಗಡಿಯ ಗಲ್ಲಾದ ಮುಂದೆ ಅಜ್ಜ ಕೂತರು, ಅಪ್ಪ ಕೂತರು, ಆಮೇಲೆ ನಾನೂ ಕೂತೆ. ಹಾಗಾಗಿ ಯಾವ ಊರಿಗೆ ಹೋದರೂ ಗುಡಿ ಗೋಪುರಕ್ಕಿಂತ ಮೊದಲು ಪೇಟೆ ಬೀದಿ ನೋಡುವ ಚಟ ಅಂಟಿಕೊಂಡಿದೆ. ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತಾರೆ, ಹೊರಗೆ ಏನು ತೂಗುಹಾಕಿದ್ದಾರೆ, ಕೈಯಲ್ಲಿ ಚೀಲ ಹಿಡಿದು ಹೊರಬರುವವರು ಎಷ್ಟು, ಬರೀ ನೋಡಿಕೊಂಡು ಹೋಗುವವರು ಎಷ್ಟು, ಇದೆಲ್ಲ ತಲೆಯೊಳಗೆ ತನ್ನಷ್ಟಕ್ಕೆ ಲೆಕ್ಕವಾಗುತ್ತದೆ. ಟ್ರಾಯ್ ಎಂಬ ಉಪನಗರದಲ್ಲಿರುವ ತಂಗಿಯ ಮಗನ ಮನೆಗೆ ಬಂದಾಗ ಇದನ್ನೇ ಹೇಳಿದೆ. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಅವನು ಸಾಫ್ಟ್‌ವೇರ್ ಕೆಲಸಗಾರ.

“ಡೌನ್‌ಟೌನ್‌ನಾಗ ನೋಡಾಕೆ ಏನೈತಿ ಮಾವ? ಶಾಪಿಂಗ್ ಅಂದ್ರೆ ಇಲ್ಲೇ ಸಾಮರ್‌ಸೆಟ್ ಮಾಲ್ ಐತಿ, ಹತ್ತು ನಿಮಿಷ.”

“ಕೊಳ್ಳಾಕಲ್ಲಪ್ಪ, ನೋಡಾಕೆ.”

“ನೋಡಾಕೆ ಅಂದ್ರೆ ನಯಾಗರಾ ಐತಲ್ಲ!”

ಅವನ ತಪ್ಪಲ್ಲ. ಈ ಭಾಗದ ಕನ್ನಡಿಗರು ಹೆಚ್ಚಾಗಿ ಟ್ರಾಯ್, ನೋವೈ, ಫಾರ್ಮಿಂಗ್‌ಟನ್ ಹಿಲ್ಸ್, ಕ್ಯಾಂಟನ್ ಎಂಬ ಉಪನಗರಗಳಲ್ಲೇ ಇದ್ದಾರೆ. ಕೊತ್ತಂಬರಿ ಸೊಪ್ಪು ಅಲ್ಲೇ ಸಿಗುತ್ತದೆ, ದೇವಸ್ಥಾನ ಅಲ್ಲೇ ಇದೆ, ಪಂಪ ಕನ್ನಡ ಕೂಟದ ಯುಗಾದಿ, ದೀಪಾವಳಿಯೂ ಆ ಸೀಮೆಯಲ್ಲೇ ನಡೆಯುತ್ತವೆ. ಊರ ಹೊರಗಿನವರು ಕೇಳಿದರೆ ‘ನಾವು ಡೆಟ್ರಾಯ್ಟ್‌ನಲ್ಲಿದ್ದೇವೆ’ ಅನ್ನುತ್ತಾರೆ. ಡೆಟ್ರಾಯ್ಟ್‌ನೊಳಕ್ಕೆ ಹೋಗುವುದು ಆಟ ನೋಡಲು, ಇಲ್ಲವೇ ಊರಿಂದ ಬಂದ ನೆಂಟರಿಗೆ ನದಿ ತೋರಿಸಲು.

ಫ್ರೀವೇ ಬೇಡ, ವುಡ್‌ವರ್ಡ್ ರಸ್ತೆಯಲ್ಲೇ ಉದ್ದಕ್ಕೂ ಹೋಗೋಣ ಎಂದು ಹಟ ಹಿಡಿದೆ. ಒಳ್ಳೆಯದೇ ಆಯಿತು. ಬರ್ಮಿಂಗ್‌ಹ್ಯಾಮ್, ರಾಯಲ್ ಓಕ್, ಫರ್ನ್‌ಡೇಲ್ ಎಂಬ ಊರುಗಳಲ್ಲಿ ಕಾಫಿ ಅಂಗಡಿ, ಕೇಕಿನ ಅಂಗಡಿ, ಹೂಕುಂಡ. ಎಯ್ಟ್ ಮೈಲ್ ರಸ್ತೆ ದಾಟಿದ್ದೇ ಡೆಟ್ರಾಯ್ಟ್ ಶುರು. ಸೆವೆನ್ ಮೈಲ್‌ಗೂ ಸಿಕ್ಸ್ ಮೈಲ್‌ಗೂ ನಡುವೆ ಅಳಿಯ ಕಾರಿನ ವೇಗ ತಗ್ಗಿಸಿ, ಅಮೆರಿಕದಲ್ಲಿ ಮೊಟ್ಟಮೊದಲು ಕಾಂಕ್ರೀಟ್ ಹಾಕಿದ ಒಂದು ಮೈಲಿ ರಸ್ತೆ ಇದೇ ಎಂದ. 1909ರಲ್ಲಿ ಹಾಕಿದ್ದು. ಅದರ ಮುಂದೆ ಹೈಲ್ಯಾಂಡ್ ಪಾರ್ಕ್. 1913ರಲ್ಲಿ ಹೆನ್ರಿ ಫೋರ್ಡ್ ಚಲಿಸುವ ಜೋಡಣಾ ಸಾಲಿನಲ್ಲಿ ಕಾರು ಕಟ್ಟಲು ಶುರುಮಾಡಿದ್ದು ಅಲ್ಲಿನ ಕಾರ್ಖಾನೆಯಲ್ಲಿ. ಮರುವರ್ಷವೇ ದಿನಕ್ಕೆ ಐದು ಡಾಲರ್ ಕೂಲಿ ಕೊಡುತ್ತೇನೆಂದು ಸಾರಿ ದೇಶವನ್ನೇ ಬೆಚ್ಚಿಬೀಳಿಸಿದ್ದೂ ಅಲ್ಲಿಂದಲೇ. ಕೈಗೆ ಕೂಲಿ ಬಿದ್ದವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಇದೇ ರಸ್ತೆಯಲ್ಲಿ ಟ್ರಾಮು ಹತ್ತಿ ದಕ್ಷಿಣಕ್ಕೆ, ನದಿಯ ಕಡೆಗೆ, ಪೇಟೆಗೆ ಹೋಗುತ್ತಿದ್ದ. ಪೇಟೆಗೆ ಅಂದರೆ ಹಡ್ಸನ್ಸ್‌ಗೆ.

ಜೋಸೆಫ್ ಲೋತಿಯನ್ ಹಡ್ಸನ್ ಇಂಗ್ಲೆಂಡಿನಿಂದ ಬಂದ ಮನೆತನದ ಹುಡುಗ. ಅಪ್ಪನ ಜೊತೆ ಮಿಷಿಗನ್‌ನ ಸಣ್ಣ ಊರಿನಲ್ಲಿ ಮಾಡಿದ ಅಂಗಡಿ 1873ರ ಆರ್ಥಿಕ ಕುಸಿತದ ಹೊಡೆತಕ್ಕೆ ಸಿಕ್ಕಿ ದಿವಾಳಿಯಾಯಿತು. ಸಾಲ ಕೊಟ್ಟವರಿಗೆ ರೂಪಾಯಿಗೆ ಇಷ್ಟಾಣೆ ಎಂಬ ಲೆಕ್ಕದಲ್ಲಿ ಇತ್ಯರ್ಥ ಮಾಡಿ ಕೈತೊಳೆದುಕೊಂಡ. ಕಾನೂನಿನ ಪ್ರಕಾರ ಅಲ್ಲಿಗೆ ಮುಗಿಯಿತು. 1881ರಲ್ಲಿ ಡೆಟ್ರಾಯ್ಟ್‌ಗೆ ಬಂದು ಆಪೆರಾ ಹೌಸ್ ಕಟ್ಟಡದ ನೆಲಮಹಡಿಯಲ್ಲಿ ಗಂಡಸರ, ಹುಡುಗರ ಬಟ್ಟೆಯ ಅಂಗಡಿ ತೆರೆದ. ನಾಲ್ಕು ಕಾಸು ಕೂಡಿದ ಮೇಲೆ ಹಿಂದೆ ಸಾಲ ಕೊಟ್ಟಿದ್ದವರನ್ನೆಲ್ಲ ಹುಡುಕಿಸಿ, ಬಾಕಿಯನ್ನು ಬಡ್ಡಿ ಸಮೇತ ಮುಟ್ಟಿಸಿದ. ಈ ಸಂಗತಿ ಓದಿದಾಗ ನನಗೆ ಆ ಮನುಷ್ಯನ ಮೇಲೆ ಬಂದ ಗೌರವ ಅವನ ಕಟ್ಟಡದ ಎತ್ತರ ಓದಿದಾಗ ಬರಲಿಲ್ಲ. ಪೇಟೆಯಲ್ಲಿ ಹೆಸರು ಅಂದರೆ ಏನೆಂದು ಗೊತ್ತಿದ್ದವನು. ಮಾರಿದ ಮಾಲನ್ನು ತಕರಾರಿಲ್ಲದೆ ವಾಪಸು ತೆಗೆದುಕೊಳ್ಳುತ್ತಿದ್ದುದು ಅವನ ಅಂಗಡಿಯ ಖ್ಯಾತಿ. ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಬೋರ್ಡಿನ ಕೆಳಗೆ ಆಯುಷ್ಯ ಕಳೆದ ನನ್ನಂಥವನು ಇದನ್ನು ಸ್ವಲ್ಪ ನಾಚಿಕೆಯಿಂದಲೇ ಬರೆಯಬೇಕು.

1911ರಿಂದ 1946ರವರೆಗೆ ತುಂಡು ತುಂಡಾಗಿ ಕಟ್ಟುತ್ತ ಹೋದ ಹಡ್ಸನ್ಸ್ ಕೊನೆಗೆ ವುಡ್‌ವರ್ಡ್ ಮೇಲಿನ ಇಡೀ ಒಂದು ಚೌಕವನ್ನು ನುಂಗಿ ನಿಂತಿತು. ಕೆಂಪು ಇಟ್ಟಿಗೆಯ ಕಟ್ಟಡ, 25 ಅಂತಸ್ತು, 20 ಲಕ್ಷ ಚದರಡಿಗೂ ಮೀರಿದ ಜಾಗ. ಜಗತ್ತಿನಲ್ಲೇ ಅತಿ ಎತ್ತರದ ಡಿಪಾರ್ಟ್‌ಮೆಂಟ್ ಸ್ಟೋರ್. ವಿಸ್ತಾರದಲ್ಲಿ ನ್ಯೂಯಾರ್ಕಿನ ಮೇಸೀಸ್ ಬಿಟ್ಟರೆ ಇದೇ. ಭರಾಟೆಯ ದಿನಗಳಲ್ಲಿ 12,000 ಜನ ನೌಕರರು. ಕ್ರಿಸ್‌ಮಸ್ ಸುಗ್ಗಿಯಲ್ಲಿ ದಿನಕ್ಕೆ ಲಕ್ಷ ಜನ ಗಿರಾಕಿಗಳು. ಹನ್ನೆರಡನೇ ಮಹಡಿ ಆಟಿಕೆಗೆ, ಹದಿಮೂರನೆಯದು ಊಟಕ್ಕೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ವುಡ್‌ವರ್ಡ್ ಮೇಲೆ ಮೆರವಣಿಗೆ ಹೊರಡಿಸುವ ಪದ್ಧತಿಯನ್ನು 1924ರಲ್ಲಿ ಶುರುಮಾಡಿದ್ದೂ ಈ ಅಂಗಡಿಯೇ. ಅಂಗಡಿ ಹೋಗಿ ದಶಕಗಳಾದರೂ ಮೆರವಣಿಗೆ ಇನ್ನೂ ಹೊರಡುತ್ತಿದೆ.

ಅಲ್ಲಿಗೆ ಹೋಗುತ್ತಿದ್ದವರೊಬ್ಬರು ನಮಗೆ ಸಿಕ್ಕರು. ಕ್ಯಾಂಪಸ್ ಮಾರ್ಷಿಯಸ್‌ನ ಬೆಂಚಿನ ಮೇಲೆ ನಮ್ಮ ಪಕ್ಕ ಕೂತಿದ್ದ ಕಪ್ಪು ಜನಾಂಗದ ಹಿರಿಯ ಹೆಂಗಸು. ಎಂಬತ್ತು ದಾಟಿರಬೇಕು, ಬಿಸಿಲಿಗೆ ಅಗಲ ಅಂಚಿನ ಟೋಪಿ. ಹಡ್ಸನ್ಸ್ ಇದ್ದ ಜಾಗದಲ್ಲಿ ಎದ್ದಿರುವ ಎದುರಿನ ಹೊಸ ಗೋಪುರವನ್ನು ನಾನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದುದನ್ನು ಕಂಡು ತಾವೇ ಮಾತು ತೆಗೆದರು.

“ಅದು ಹಡ್ಸನ್ಸ್ ಅಲ್ಲ. ಹೆಸರು ಮಾತ್ರ ಅದರದ್ದು.”

ನಾನು ಬಟ್ಟೆ ಅಂಗಡಿಯವನೆಂದು ಅಳಿಯ ಹೇಳಿದ್ದೇ ತಡ, ಅವರು ನನ್ನ ಕಡೆ ತಿರುಗಿ ಕೂತರು. ಅಮ್ಮ ಪೇಟೆಗೆ ಹೊರಡುವಾಗ ಬಿಳಿ ಕೈಗವಸು ಹಾಕಿಕೊಳ್ಳುತ್ತಿದ್ದಳಂತೆ. ಇವರ ಜಡೆಯನ್ನು ಬಿಗಿಯಾಗಿ ಹೆಣೆದು, ಅಲ್ಲಿ ಏನನ್ನೂ ಮುಟ್ಟಬೇಡ ಎಂದು ಟ್ರಾಮಿನಲ್ಲಿ ಉದ್ದಕ್ಕೂ ಬುದ್ಧಿ ಹೇಳುತ್ತಿದ್ದಳಂತೆ. ಲಿಫ್ಟಿನಲ್ಲಿ ಕೈಗವಸಿನ ಹುಡುಗಿಯೊಬ್ಬಳು ಪ್ರತಿ ಮಹಡಿಯಲ್ಲೂ ಇಲ್ಲೇನು ಸಿಗುತ್ತದೆ ಎಂದು ರಾಗವಾಗಿ ಕೂಗುತ್ತಿದ್ದಳು. ಕುಡಿಯುವ ನೀರಿನ ಹಿತ್ತಾಳೆ ನಲ್ಲಿ ಯಾವಾಗಲೂ ಹೊಳೆಯುತ್ತಿತ್ತು. ಒಂದು ಉಂಡೆ ದಾರ ಕೊಂಡರೂ, ಬೇಕೆಂದರೆ ಹಸಿರು ವ್ಯಾನಿನಲ್ಲಿ ಮನೆಗೆ ಕಳಿಸಿಕೊಡುತ್ತಿದ್ದರು.

“ದಾರವನ್ನೇ?” ಎಂದೆ.

“ದಾರವನ್ನೇ. ಅಕ್ಕಪಕ್ಕದವರು ನೋಡಲಿ ಅಂತ ಅಮ್ಮ ಅದಕ್ಕೇ ಹೇಳುತ್ತಿದ್ದಳು.”

ಆಮೇಲೆ, ದನಿ ಬದಲಿಸದೆಯೇ, ಇನ್ನೊಂದು ಮಾತು ಸೇರಿಸಿದರು. ಕೊಳ್ಳಲು ಹೋಗಬಹುದಿತ್ತು, ಕೌಂಟರಿನ ಹಿಂದೆ ನಿಂತು ಮಾರುವ ಕೆಲಸ ನಮ್ಮವರಿಗೆ ಬಹಳ ಕಾಲ ಕೊಡಲಿಲ್ಲ. ಹೇಳಿ ಮುಗಿಸಿ, ಹದಿಮೂರನೇ ಮಹಡಿಯಲ್ಲಿ ಸಿಗುತ್ತಿದ್ದ ಮಾರಿಸ್ ಸಲಾಡಿನ ರುಚಿಯ ಕಡೆಗೆ ಹೊರಳಿದರು. ಹಳೆಯ ಪೇಟೆಯ ವೈಭವ ಹೇಳುವವರಲ್ಲಿ ಹೀಗೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರು ಕಡಿಮೆ. ಅವರ ಮನೆ ಇದ್ದದ್ದು ಹೇಸ್ಟಿಂಗ್ಸ್ ಬೀದಿಯ ಹತ್ತಿರ. ಆ ಬೀದಿ ಈಗ ಇಲ್ಲ.

ಹೇಸ್ಟಿಂಗ್ಸ್ ಬೀದಿಯ ಸುದ್ದಿ ಹೇಳದೆ ವುಡ್‌ವರ್ಡ್ ಸುದ್ದಿ ಹೇಳಿದರೆ ಅರ್ಧ ಲೆಕ್ಕ ಬರೆದಂತೆ. ವುಡ್‌ವರ್ಡ್‌ಗೆ ಪೂರ್ವದಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ, ಬ್ಲ್ಯಾಕ್ ಬಾಟಮ್ ಮತ್ತು ಪ್ಯಾರಡೈಸ್ ವ್ಯಾಲಿ ಎಂಬ ಕೇರಿಗಳಿದ್ದವು. ಬೇರೆ ಕಡೆ ಮನೆ ಸಿಗದ ಕಪ್ಪು ಜನ ಒತ್ತೊತ್ತಾಗಿ ಬದುಕಿದ್ದು ಅಲ್ಲಿ. ಅವರದೇ ಔಷಧಿ ಅಂಗಡಿ, ಕ್ಷೌರದಂಗಡಿ, ಹೋಟೆಲು, ಹಾಡುಮನೆಗಳ ಪೇಟೆ ಹೇಸ್ಟಿಂಗ್ಸ್. ಕೊಳಚೆ ನಿರ್ಮೂಲನ ಎಂಬ ಹೆಸರಿನಲ್ಲಿ ಐವತ್ತರ ದಶಕದಲ್ಲಿ ಕೆಡವಲು ಹಿಡಿದು, ಅದರ ಮೇಲೇ ಕ್ರೈಸ್ಲರ್ ಫ್ರೀವೇ ಹಾಯಿಸಿದರು. ಆ ಅಂಗಡಿಗಳ ಪೈಕಿ ಹೆಚ್ಚಿನವು ಮತ್ತೆ ಎಲ್ಲಿಯೂ ತೆರೆಯಲಿಲ್ಲ. ಉಪನಗರದಿಂದ ಬೇಗ ಪೇಟೆಗೆ ಬರಲಿ ಎಂದು ಮಾಡಿದ ರಸ್ತೆ ಅದು. ರಸ್ತೆಗೆ ಎರಡು ದಿಕ್ಕು. ಪೇಟೆಯಿಂದ ಬೇಗ ಹೊರಡುವುದಕ್ಕೂ ಅದೇ ಅನುಕೂಲವಾಯಿತು.

ಈಗ ನಾನು ಈ ಬರಹಕ್ಕೆ ಕೂತದ್ದೇ ಯಾವುದಕ್ಕಾಗಿಯೋ ಆ ಮಾತು. ಡೆಟ್ರಾಯ್ಟ್ ಪೇಟೆ ಹಾಳಾದದ್ದು 1967ರ ದಂಗೆಯಿಂದ ಎಂದು ಉಪನಗರದ ಊಟದ ಮೇಜುಗಳಲ್ಲಿ ಎಲ್ಲರೂ ಹೇಳುತ್ತಾರೆ. ನನ್ನ ಅಳಿಯನಿಗೂ ಯಾರೋ ಹಾಗೇ ಹೇಳಿದ್ದಾರೆ. ಜುಲೈ ತಿಂಗಳ ಆ ದಿನಗಳಲ್ಲಿ 43 ಜನ ಸತ್ತದ್ದು ನಿಜ, ಅಂಗಡಿಗಳು ಉರಿದದ್ದೂ ನಿಜ. ಆದರೆ ತಾರೀಕುಗಳನ್ನು ಸಾಲಾಗಿ ಇಟ್ಟು ನೋಡಿ. ಕರ್ನ್ಸ್ ಮುಚ್ಚಿದ್ದು 1959. ವುಡ್‌ವರ್ಡ್ ಮೇಲೆ ಕೊನೆಯ ಟ್ರಾಮು ಓಡಿದ್ದು 1956ರ ಏಪ್ರಿಲ್ 8. ಇನ್ನೂ ಗಟ್ಟಿಯಾಗಿದ್ದ ಆ ಬೋಗಿಗಳನ್ನು ಮೆಕ್ಸಿಕೋ ಸಿಟಿಗೆ ಮಾರಿಬಿಟ್ಟರು. ಅದಕ್ಕೂ ಎರಡು ವರ್ಷ ಮೊದಲು, 1954ರ ಮಾರ್ಚ್‌ನಲ್ಲಿ, ಎಯ್ಟ್ ಮೈಲ್ ರಸ್ತೆಯ ಆಚೆ ಬದಿಯ ಸೌತ್‌ಫೀಲ್ಡ್‌ನಲ್ಲಿ ನಾರ್ತ್‌ಲ್ಯಾಂಡ್ ಎಂಬ ಶಾಪಿಂಗ್ ಸೆಂಟರ್ ತೆರೆಯಿತು. ಆ ಹೊತ್ತಿಗೆ ಜಗತ್ತಿನಲ್ಲೇ ದೊಡ್ಡದು. ಕಟ್ಟಿಸಿದವರು ಯಾರು? ಹಡ್ಸನ್ಸ್‌ನವರೇ.

ನಕ್ಷೆ ಹಾಕಿದವನು ವಿಕ್ಟರ್ ಗ್ರೂನ್, ಹಿಟ್ಲರನ ಕಾಟಕ್ಕೆ 1938ರಲ್ಲಿ ವಿಯೆನ್ನಾ ಬಿಟ್ಟು ಬಂದ ಯಹೂದಿ ವಾಸ್ತುಶಿಲ್ಪಿ. ಕಾರುಗಳ ನಡುವೆ ಚದುರಿಹೋದ ಅಮೆರಿಕದ ಉಪನಗರಗಳಿಗೆ ವಿಯೆನ್ನಾದಲ್ಲಿ ತಾನು ಕಂಡಂಥ ಚೌಕ, ಕಾರಂಜಿ, ಕೂತು ಹರಟುವ ಕಟ್ಟೆ ಕೊಡಬೇಕೆಂಬ ಆಸೆ ಅವನದ್ದು. ನಾರ್ತ್‌ಲ್ಯಾಂಡಿನ ಅಂಗಳಗಳಲ್ಲಿ ಶಿಲ್ಪಗಳನ್ನಿರಿಸಿದ. ಕರಡಿಯ ಮೈಮೇಲೆ ಹುಡುಗ ಕೂತ ಅಲ್ಲಿನ ಮೂರ್ತಿ ಆ ಕಾಲದ ಮಕ್ಕಳಿಗೆಲ್ಲ ಗೊತ್ತು. ಸುತ್ತ ಕಾರು ನಿಲ್ಲಿಸಲು ಎಕರೆಗಟ್ಟಲೆ ಪುಕ್ಕಟೆ ಜಾಗ. ಹಡ್ಸನ್ಸ್‌ನವರ ಲೆಕ್ಕ ಸರಳವಾಗಿತ್ತು. ಗಿರಾಕಿ ಹೊರಗೆ ಹೋಗಿ ಮನೆ ಕಟ್ಟಿದ್ದಾನೆ, ಅಂಗಡಿಯೂ ಅವನ ಹಿಂದೆ ಹೋಗಲಿ. ನಾವು ಹೋಗದಿದ್ದರೆ ಇನ್ನೊಬ್ಬ ಹೋಗುತ್ತಾನೆ. ನಾರ್ತ್‌ಲ್ಯಾಂಡ್ ಆಯಿತು, ಈಸ್ಟ್‌ಲ್ಯಾಂಡ್ ಆಯಿತು, ವೆಸ್ಟ್‌ಲ್ಯಾಂಡ್, ಸೌತ್‌ಲ್ಯಾಂಡ್, ಹೀಗೆ ದಿಕ್ಕಿಗೊಂದು. ಯಾವ ವ್ಯಾಪಾರಿಯೂ ಈ ಲೆಕ್ಕವನ್ನು ತಪ್ಪು ಅನ್ನಲಾರ, ನಾನೂ ಅನ್ನಲಾರೆ. ಆದರೆ ಮುಖ್ಯ ಅಂಗಡಿಗೆ ಬರುವ ಗಿರಾಕಿಯನ್ನು ದಾರಿಯಲ್ಲೇ ಹಿಡಿದು ನಿಲ್ಲಿಸುವ ನಾಲ್ಕು ಅಂಗಡಿಗಳನ್ನು ತಾನೇ ಇಟ್ಟಮೇಲೆ, ಗಿರಾಕಿ ಪೇಟೆಗೆ ಬರಲಿಲ್ಲ ಎಂದು ಪೇಟೆಯನ್ನು ದೂರುವ ಹಾಗಿಲ್ಲ.

ಗಿರಾಕಿ ಹೊರಗೆ ಮನೆ ಕಟ್ಟಿದ್ದೂ ತಾನಾಗಿ ಅಲ್ಲ. ಹೊಸ ಮನೆಗೆ ಸರ್ಕಾರದ ಜಾಮೀನಿನ ಸಾಲ ಬಿಳಿಯರ ಬಡಾವಣೆಗೆ ಸುಲಭವಾಗಿ ಸಿಗುತ್ತಿತ್ತು, ಕಪ್ಪು ಜನರ ಕೇರಿಯ ಪಕ್ಕ ಸಿಗುತ್ತಿರಲಿಲ್ಲ. ಎಯ್ಟ್ ಮೈಲ್ ಹತ್ತಿರ ಬಡಾವಣೆ ಮಾಡಿದವನೊಬ್ಬ 1941ರಲ್ಲಿ ಎರಡರ ನಡುವೆ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಎಬ್ಬಿಸಿಯೇ ಸಾಲ ಪಡೆದ. ಗೋಡೆ ಈಗಲೂ ನಿಂತಿದೆ. ಪೇಟೆಯ ಗತಿ ಪೇಟೆಯಲ್ಲೇ ತೀರ್ಮಾನವಾಗುತ್ತದೆ ಎಂದು ನಾವು ವ್ಯಾಪಾರಿಗಳು ತಿಳಿದಿರುತ್ತೇವೆ. ಅದು ತೀರ್ಮಾನವಾಗುವುದು ಮನೆಸಾಲದ ಕಡತದಲ್ಲಿ.

1950ರಲ್ಲಿ ಡೆಟ್ರಾಯ್ಟ್ ಜನಸಂಖ್ಯೆ 18 ಲಕ್ಷ 49 ಸಾವಿರ. 2020ರಲ್ಲಿ 6 ಲಕ್ಷ 39 ಸಾವಿರ. ಇನ್ನು ಬೇರೆ ಅಂಕಿ ಬೇಡ. ಹಡ್ಸನ್ಸ್ ಮಹಡಿಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದು 1983ರ ಜನವರಿಯಲ್ಲಿ ಪೂರ್ತಿ ಬಾಗಿಲೆಳೆಯಿತು. ವರ್ಷಗಟ್ಟಲೆ ಕಟ್ಟಡ ಖಾಲಿ ನಿಂತಿತ್ತು. ತಾಮ್ರ, ಹಿತ್ತಾಳೆ ಕಿತ್ತುಕೊಂಡು ಹೋಗುವವರು ಹೋದರು. 1998ರ ಅಕ್ಟೋಬರ್ 24ರಂದು ಸಿಡಿಮದ್ದಿಟ್ಟು ಉರುಳಿಸಿದರು. ಬಿದ್ದ ರಾಶಿ ಪಕ್ಕದ ಪೀಪಲ್ ಮೂವರ್ ರೈಲಿನ ಹಳಿಯನ್ನೂ ಜಖಂ ಮಾಡಿತು. ಆ ಜಾಗದಲ್ಲಿ ನೆಲದಡಿ ಕಾರು ನಿಲ್ಲಿಸುವ ತಾಣ ಮಾಡಿ, ಮುಂದೆ ಯಾರಾದರೂ ಮೇಲೆ ಕಟ್ಟಲಿ ಎಂದು ಉಕ್ಕಿನ ಕಂಬಗಳ ತುದಿಗಳನ್ನು ಹಾಗೇ ಮೇಲಕ್ಕೆ ಬಿಟ್ಟಿದ್ದರು. ಕಂಬದ ತುದಿಗಳು ಅನೇಕ ವರ್ಷ ಹಾಗೇ ಇದ್ದವು.

ಊರಿನ ಹೊಟ್ಟೆಗೆ ಹೊಡೆದ ನಾರ್ತ್‌ಲ್ಯಾಂಡ್ ಏನಾಯಿತು ಅಂದಿರಾ? 2015ರಲ್ಲಿ ಅದೂ ಮುಚ್ಚಿತು. ಇನ್ನೂ ಆಚೆಗೆ, ಇನ್ನೂ ಹೊಸ ಮಾಲ್‌ಗಳು ಬಂದಿದ್ದವು. ಈಗ ಅಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಕರಡಿ ಮತ್ತು ಹುಡುಗ ಸೌತ್‌ಫೀಲ್ಡ್‌ನ ಗ್ರಂಥಾಲಯ ಸೇರಿದ್ದಾರೆ. ಗ್ರೂನ್ 1968ರಲ್ಲಿ ವಿಯೆನ್ನಾಕ್ಕೆ ಮರಳಿದ. ಮುದಿಗಾಲದಲ್ಲಿ, ಈ ಮಾಲ್‌ಗಳು ನನ್ನ ಮಕ್ಕಳಲ್ಲ ಎಂದು ಕೈ ಝಾಡಿಸಿದ. ಅಷ್ಟರಲ್ಲಿ ವಿಯೆನ್ನಾದ ಹೊರವಲಯದಲ್ಲೂ ಒಂದು ದೊಡ್ಡ ಮಾಲ್ ಎದ್ದಿತ್ತು. ಹಡ್ಸನ್ ಕಂಪನಿ 1969ರಲ್ಲಿ ಮಿನಿಯಾಪೊಲಿಸ್‌ನ ಡೇಟನ್ ಕಂಪನಿಯ ಜೊತೆ ಬೆರೆಯಿತು; ಅವರು ಸಾಮಾನ್ಯರಿಗಾಗಿ ತೆರೆದಿದ್ದ ಅಗ್ಗದ ಮಳಿಗೆ ಟಾರ್ಗೆಟ್ ಎಷ್ಟು ಬೆಳೆಯಿತೆಂದರೆ 2000ದಲ್ಲಿ ಇಡೀ ಕಂಪನಿ ಅದರ ಹೆಸರನ್ನೇ ಇಟ್ಟುಕೊಂಡಿತು. ಊರಿನಿಂದ ಬಂದ ಎಲ್ಲ ಅಪ್ಪ ಅಮ್ಮಂದಿರನ್ನೂ ಮೊದಲ ವಾರವೇ ಕರೆದೊಯ್ಯುವ ಅದೇ ಟಾರ್ಗೆಟ್.

ಈಗಿನ ಕಥೆಗೆ ಬರೋಣ. ಡ್ಯಾನ್ ಗಿಲ್ಬರ್ಟ್ ಎಂಬ ಮನೆಸಾಲದ ಉದ್ಯಮಿ, ಬೆಳೆದದ್ದು ಅದೇ ಸೌತ್‌ಫೀಲ್ಡ್‌ನಲ್ಲಿ, 2010ರಲ್ಲಿ ತನ್ನ ಕಂಪನಿಯ ನೌಕರರನ್ನು ಉಪನಗರದಿಂದ ಡೌನ್‌ಟೌನಿಗೆ ತಂದ. ಖಾಲಿ ಬಿದ್ದಿದ್ದ ಕಟ್ಟಡಗಳನ್ನು ಕೊಳ್ಳುತ್ತ ಹೋದ. 2013ರ ಜುಲೈನಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು; ಸಾಲ 1,800 ಕೋಟಿ ಡಾಲರ್ ಎಂಬ ಅಂದಾಜು, ಅಮೆರಿಕದ ಯಾವ ನಗರವೂ ಅಷ್ಟು ದೊಡ್ಡ ದಿವಾಳಿ ಕಂಡಿರಲಿಲ್ಲ. ಗಿಲ್ಬರ್ಟ್ ಕೊಳ್ಳುವುದು ನಿಲ್ಲಿಸಲಿಲ್ಲ. ಇಂದು ಡೌನ್‌ಟೌನ್ ಮತ್ತು ಸುತ್ತಮುತ್ತ ಅವನ ಕೈಯಲ್ಲಿರುವ ಆಸ್ತಿಗಳು ನೂರಕ್ಕೂ ಹೆಚ್ಚು. 2017ರ ಡಿಸೆಂಬರ್‌ನಲ್ಲಿ ಹಡ್ಸನ್ಸ್ ಜಾಗದಲ್ಲಿ ಗುದ್ದಲಿ ಪೂಜೆ ಆಯಿತು. ಅವರಲ್ಲಿ ಪೂಜೆ ಇಲ್ಲ, ಗುದ್ದಲಿ ಮಾತ್ರ. ಎದ್ದು ನಿಂತ ಗೋಪುರದ ಎತ್ತರ 681 ಅಡಿ. ಪಕ್ಕದಲ್ಲಿ ಅಗಲವಾದ ಇನ್ನೊಂದು ಕಟ್ಟಡ, ಎರಡರ ನಡುವೆ ಓಣಿ. ಕಚೇರಿಗಳು, ಐಷಾರಾಮಿ ಹೋಟೆಲು, ವಾಸದ ಮನೆಗಳು, ನೆಲಮಟ್ಟದಲ್ಲಿ ಮಳಿಗೆಗಳು. ತನ್ನ ಕೇಂದ್ರ ಕಚೇರಿಯನ್ನು ಇಲ್ಲಿಗೆ ತರುವುದಾಗಿ ಜನರಲ್ ಮೋಟರ್ಸ್ 2024ರಲ್ಲಿ ಘೋಷಿಸಿತು. ಈ ಕಟ್ಟಡಕ್ಕೆ ನಗರಸಭೆ 2022ರಲ್ಲಿ ಸುಮಾರು 6 ಕೋಟಿ ಡಾಲರ್ ತೆರಿಗೆ ಬಿಟ್ಟುಕೊಟ್ಟಿತು. ಬಡವರ ಊರು ಸಿರಿವಂತನಿಗೆ ತೆರಿಗೆ ಮಾಫಿ ಮಾಡಬೇಕೇ ಎಂಬ ಜಗಳ ಆಗ ಜೋರಾಗಿಯೇ ನಡೆಯಿತು.

ಬೀದಿ ಚೆಂದವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಕ್ಯಾಂಪಸ್ ಮಾರ್ಷಿಯಸ್‌ನಲ್ಲಿ ಬೇಸಿಗೆಗೆ ಮರಳು ಸುರಿದು ಕುರ್ಚಿ ಹಾಕುತ್ತಾರೆ, ಚಳಿಗಾಲಕ್ಕೆ ಅದೇ ಜಾಗ ಮಂಜಿನ ಮೇಲೆ ಜಾರುವ ಕಣವಾಗುತ್ತದೆ. 2017ರಿಂದ ವುಡ್‌ವರ್ಡ್ ಮೇಲೆ ಮತ್ತೆ ಟ್ರಾಮು ಓಡುತ್ತಿದೆ, ಕ್ಯು-ಲೈನ್ ಅಂತ. ಟಿಕೆಟ್ ಇಲ್ಲ, 3.3 ಮೈಲಿ ಹೋಗಿ ನಿಂತುಬಿಡುತ್ತದೆ. ಹಿಂದಿನ ಟ್ರಾಮು ಕೂಲಿಕಾರನ ಮನೆಬಾಗಿಲಿನಿಂದ ಬರುತ್ತಿತ್ತು. ಹಳೆಯ ಮಳಿಗೆಗಳ ಮುಖಕ್ಕೆ ಸುಣ್ಣಬಣ್ಣ, ಒಳಗೆ ಶಿನೋಲಾ ಹೆಸರಿನ ಹೋಟೆಲು. ಲೈಬ್ರರಿ ಬೀದಿಯಲ್ಲಿ 2022ರಲ್ಲಿ ಗುಚ್ಚಿ ಅಂಗಡಿಯೂ ತೆರೆದಿತ್ತು. ಅದರ ಗಾಜಿನ ಹಿಂದಿನ ಚೀಲವೊಂದನ್ನು ಅಳಿಯ ತೋರಿಸಿ ಬೆಲೆ ಹೇಳಿದ. ನಾನು ಚೀಲದ ಹೊಲಿಗೆ ನೋಡಿದೆ. ಹೊಲಿಗೆ ಚೆನ್ನಾಗಿತ್ತು.

ಹೊಲಿಗೆಯ ಮಾತು ಬಂದಾಗಲೇ ನೋಡಿಕೊಂಡೆ, ನನ್ನ ಅಂಗಿಯ ನಡುವಿನ ಗುಂಡಿ ಕಿತ್ತು ದಾರಕ್ಕೆ ಜೋತುಬಿದ್ದಿತ್ತು. ಒಂದು ಸೂಜಿ, ಒಂದಿಷ್ಟು ಬಿಳಿ ದಾರ ಸಿಕ್ಕರೆ ಇಲ್ಲೇ ಕೂತು ಹಾಕಿಕೊಳ್ಳುತ್ತೇನೆ ಎಂದೆ. ಅಳಿಯ ನಕ್ಕ. ನಾನು ಹಟಕ್ಕೆ ಬಿದ್ದೆ. ಟೋಪಿ-ಟೀಶರ್ಟಿನ ಮಳಿಗೆಯಲ್ಲಿ ಕೇಳಿದೆವು, ಇಲ್ಲ. ಕೈಗಡಿಯಾರದ ಮಳಿಗೆಯ ಹುಡುಗ ಬಹಳ ವಿನಯದಿಂದ, ಫೋನಿನಲ್ಲಿ ಆರ್ಡರ್ ಮಾಡಿದರೆ ನಾಳೆಯೇ ಮನೆಗೆ ಬರುತ್ತದೆ ಎಂದ. ಷೂ ಅಂಗಡಿಯಲ್ಲಿ ಲೇಸು ಇತ್ತು. ಕೊನೆಗೆ ಔಷಧಿ ಅಂಗಡಿಯೊಂದರ ಒಳಮೂಲೆಯಲ್ಲಿ, ಪ್ರಯಾಣಿಕರ ಟೂತ್‌ಪೇಸ್ಟಿನ ಪಕ್ಕ, ಪುಟ್ಟ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು: ಎರಡು ಸೂಜಿ, ರಟ್ಟಿಗೆ ಸುತ್ತಿದ ಐದಾರು ಬಣ್ಣದ ದಾರ, ಒಂದು ಗುಂಡಿ. ಬೆಂಚಿನ ಮೇಲೆ ಕೂತು ಗುಂಡಿ ಹಾಕಿಕೊಳ್ಳುವಾಗ ಟೋಪಿಯ ಅಜ್ಜಿ ಮತ್ತೆ ಸಿಗಬಾರದಿತ್ತೇ ಅನ್ನಿಸಿತು. ಅವರು ಆಗಲೇ ಹೋಗಿದ್ದರು.

ಇದನ್ನು ಗೇಲಿಗೆ ಹೇಳುತ್ತಿಲ್ಲ. ಪೇಟೆ ಬದುಕುವುದು ದುಬಾರಿ ಮಾಲಿನಿಂದಲ್ಲ. ನೂರು ರೂಪಾಯಿಯ ಪಂಚೆಗೆ ಬಂದವನು ಪಕ್ಕದಂಗಡಿಯ ಸ್ಟೀಲ್ ಲೋಟ ನೋಡಿ, ಎದುರಿನ ಹೋಟೆಲಿನಲ್ಲಿ ಬೆಣ್ಣೆದೋಸೆ ತಿಂದು, ಮಗಳ ಮದುವೆ ಗೊತ್ತಾದಾಗ ಅದೇ ಬೀದಿಗೆ ರೇಷ್ಮೆ ಸೀರೆಗೆ ಬರುತ್ತಾನೆ. ಪಂಚೆಯಲ್ಲಿ ನಮಗೆ ಲಾಭ ಅಷ್ಟಕ್ಕಷ್ಟೇ. ಆದರೆ ಪಂಚೆ ಇಡದವನ ಅಂಗಡಿಗೆ ಸೀರೆಯವರೂ ಬರುವುದಿಲ್ಲ. ಹಡ್ಸನ್ಸ್‌ನವರು ದಾರದುಂಡೆಯನ್ನು ವ್ಯಾನಿನಲ್ಲಿ ಕಳಿಸಿದ್ದು ಹುಚ್ಚಿಗಲ್ಲ.

ಹೊಸ ವುಡ್‌ವರ್ಡ್‌ನಲ್ಲಿ ಸಂಜೆ ಆಟವಿದ್ದರೆ ಜನವೋ ಜನ. ಆಟ ಮುಗಿದು ಒಂದು ಗಂಟೆಗೆ ಮದುವೆ ಮುಗಿದ ಛತ್ರ. ನಗರದ ಜನಸಂಖ್ಯೆ 2023ರಲ್ಲಿ ಸ್ವಲ್ಪ ಏರಿತು ಎಂದು ಜನಗಣತಿ ಇಲಾಖೆ ಅಂದಾಜು ಕೊಟ್ಟಾಗ ಊರಲ್ಲಿ ಹಬ್ಬದ ವಾತಾವರಣವಿತ್ತಂತೆ. 1957ರಿಂದೀಚೆಗೆ ಏರಿದ್ದು ಅದೇ ಮೊದಲು. ಈ ಏರಿಕೆಯಲ್ಲಿ ನನಗೆ ನಂಬಿಕೆ ಇದೆ, ಗೋಪುರಕ್ಕಿಂತ ಹೆಚ್ಚು. ಅಲ್ಲಿ ಇಲ್ಲಿ ಮಹಡಿ ಮೇಲಿನ ಕಿಟಕಿಗಳಲ್ಲಿ ಪರದೆ ಕಂಡವು, ಒಂದರಲ್ಲಿ ತುಳಸಿಯಂಥ ಯಾವುದೋ ಗಿಡ, ಇನ್ನೊಂದರಲ್ಲಿ ಮಗುವಿನ ಸೈಕಲ್. ಮನೆಗಳಿದ್ದರೆ ದಾರ ಬೇಕಾಗುತ್ತದೆ.

ಆದರೆ ಇನ್ನೊಂದು ಸಂಗತಿ ನನ್ನನ್ನು ಕಾಡಿತು. ಹೆನ್ರಿ ದ ಹ್ಯಾಟರ್ ಎಂಬ ಟೋಪಿ ಅಂಗಡಿ ಈ ಊರಿನಲ್ಲಿ 1893ರಿಂದ ಇದೆ. 1952ರಿಂದ ವುಡ್‌ವರ್ಡ್‌ಗೆ ಹತ್ತಿರದಲ್ಲೇ, ಬ್ರಾಡ್‌ವೇಯಲ್ಲಿ ಇತ್ತು. ಕರ್ನ್ಸ್ ಹೋದಾಗ ಇತ್ತು, ದಂಗೆಯಾದಾಗ ಇತ್ತು, ಹಡ್ಸನ್ಸ್ ಉರುಳಿದಾಗ ಇತ್ತು, ನಗರ ದಿವಾಳಿಯೆದ್ದಾಗಲೂ ಟೋಪಿ ಮಾರುತ್ತಿತ್ತು. 2017ರಲ್ಲಿ, ಪೇಟೆಗೆ ಒಳ್ಳೆಯ ಕಾಲ ಬಂದಿತೆಂದು ಎಲ್ಲರೂ ಬರೆಯುತ್ತಿದ್ದಾಗ, ಕಟ್ಟಡದ ಮಾಲೀಕರು ಬಾಡಿಗೆ ಕರಾರು ನವೀಕರಿಸಲಿಲ್ಲ. ಅಂಗಡಿ ಈಸ್ಟರ್ನ್ ಮಾರ್ಕೆಟ್ ಕಡೆಗೆ ಹೋಯಿತು. ನಾವು ಅಲ್ಲಿಗೂ ಹೋದೆವು. ಹಣ್ಣು ತರಕಾರಿ ಸಂತೆಯ ಪಕ್ಕದ ಬೀದಿ, ಗೋಡೆಗಳ ಮೇಲೆ ಬಣ್ಣಬಣ್ಣದ ಚಿತ್ರ. ಒಳಗೆ ಛಾವಣಿಯವರೆಗೆ ಟೋಪಿಗಳು. ಮಾರುವವನು ನನ್ನ ತಲೆಯನ್ನು ಒಮ್ಮೆ ನೋಡಿ, ಟೇಪು ಹಿಡಿಯದೆ, ಸರಿಯಾದ ಅಳತೆಯ ಟೋಪಿ ಇಳಿಸಿದ. ನನಗೆ ಬಹಳ ಸಂತೋಷವಾಯಿತು. ಬೋಣಿ ಹೊತ್ತಿನಲ್ಲಿ ಬರೀ ನೋಡಿಕೊಂಡು ಹೋಗಬಾರದೆಂಬ ನಮ್ಮ ಕಡೆಯ ರೂಢಿ ನೆನಪಾಗಿ ಒಂದು ಕ್ಯಾಪು ಕೊಂಡೆ.

ವಾಪಸು ಬರುವಾಗ ಅಳಿಯ ಫ್ರೀವೇ ಹಿಡಿದಿದ್ದ. ಹೇಸ್ಟಿಂಗ್ಸ್ ಇದ್ದ ಜಾಗದ ಮೇಲೇ ಹೋಗುತ್ತಿದ್ದೆವು. ಇದ್ದಕ್ಕಿದ್ದಂತೆ ಕೇಳಿದ.

“ಮಾವ, ನಿಮಗೆ ಇಲ್ಲಿ ಅಂಗಡಿ ಹಾಕು ಅಂದ್ರೆ ಹಾಕ್ತಿದ್ರೇನು?”

“ವುಡ್‌ವರ್ಡ್ ಮ್ಯಾಲೆ ಹಾಕಂಗಿಲ್ಲ. ಅದರ ಹಿಂದಿನ ಬೀದಿಯಾಗ, ಮ್ಯಾಲೆ ಮನೆ ಇರೋ ಕಟ್ಟಡದ ಕೆಳಗೆ, ಹನ್ನೆರಡು ಅಡಿ ಅಗಲದ್ದೊಂದು ಮಳಿಗೆ ಸಾಕು. ಟವಲ್ಲು, ಬನೀನು, ಕಾಲುಚೀಲ, ಹಾಸಿಗೆ ಹೊದಿಕೆ. ಸೂಜಿ ದಾರ ಮುಂದೆನೇ ಇಡ್ತೀನಿ. ಒಬ್ಬ ಟೈಲರ್ ಕೂರಿಸ್ತೀನಿ, ಪ್ಯಾಂಟ್ ಗಿಡ್ಡ ಮಾಡಾಕೆ.”

“ಟವಲ್ ಮಾರಿ ಬಾಡಿಗೆ ಹುಟ್ಟುತ್ತಾ?”

“ಮೊದಲ ಎರಡು ವರ್ಷ ಹುಟ್ಟಂಗಿಲ್ಲ. ಅದಕ್ಕ ಬಾಡಿಗೆ ಬ್ಯಾಡ, ವ್ಯಾಪಾರದಾಗ ಇಷ್ಟು ಪಾಲು ಅಂತ ಮಾತಾಡಬೇಕು. ನಮ್ಮ ಅಜ್ಜ ಹಂಗೇ ಶುರು ಮಾಡಿದ್ದು.”

“ಆ ಬೀದಿ ಕಟ್ಟಡ ಭಾಳಷ್ಟು ಯಾರ ಕೈಯಾಗ ಅದಾವ ಗೊತ್ತಲ್ಲ?”

“ಗೊತ್ತಪ್ಪ. ಆ ಮನುಷ್ಯನೂ ವ್ಯಾಪಾರಸ್ಥನೇ, ಪಾಲಿನ ಮಾತು ತಿಳೀತೈತಿ. ಅವರ ಆಫೀಸಿನಾಗ ನಿನಗೆ ಗುರುತಿನೋರು ಯಾರಾದ್ರೂ ಇದ್ರೆ ಒಂದು ಮಾತು ಕೇಳು. ಪಾಲು ಎಷ್ಟಾದ್ರೂ ಇರಲಿ. ಹತ್ತು ವರ್ಷದ ಕರಾರು ಬರದು ಕೊಡ್ತಾರೇನು, ಮೊದಲು ಅದನ್ನ ಕೇಳು.”